ಮನೆಯ ಎಲ್ಲ ಕೆಲಸಕ್ಕೂ ಒಂದೇ ನೈಟ್ರೈಲ್ ಗ್ಲೌಸ್ ಸಾಕೇ?

ಶಿಡ್ಲಘಟ್ಟ_ರೈತ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರ ಕೂಡು ಕುಟುಂಬ. ಎರಡು ಎಕರೆ ಚಪ್ಪರದ ದ್ರಾಕ್ಷಿ, ಅದರ ಪಕ್ಕದಲ್ಲೇ ಹಿಪ್ಪುನೇರಳೆ ಮತ್ತು ಹುಳು ಮನೆ, ಡೇರಿಗೆ ಹಾಲು ಹಾಕುವಷ್ಟು ಹಸುಗಳು ಇವೆ. ನನ್ನ ತಮ್ಮ ಪೇಟೆಯಲ್ಲಿ ದ್ವಿಚಕ್ರ ವಾಹನಗಳ ಗ್ಯಾರೇಜ್ ಇಟ್ಟುಕೊಂಡಿದ್ದಾನೆ. ಇವುಗಳಲ್ಲಿ ಯಾವ ಕೆಲಸಕ್ಕೂ ಗ್ಲೌಸ್ ಹಾಕಿಕೊಳ್ಳುವ ರೂಢಿ ನಮ್ಮಲ್ಲಿರಲಿಲ್ಲ. ಕಳೆದ ಸಲ ಪ್ರೂನಿಂಗ್ ಆದ ಮೇಲೆ ದ್ರಾಕ್ಷಿಯ ಕಣ್ಣುಗಳಿಗೆ (ಚಿಗುರೊಡೆಯುವ ಮೊಗ್ಗುಗಳಿಗೆ) ಔಷಧಿ ಹಚ್ಚಲು ಬಂದಿದ್ದ ಹೆಣ್ಣುಮಕ್ಕಳ ಬೆರಳ ತುದಿಯ ಚರ್ಮ ಬಿಳಿಚಿಕೊಂಡು ಸುಲಿದು ಬಂದದ್ದನ್ನು ನೋಡಿದ ಮೇಲೆ, ಈ ವರ್ಷ ಗ್ಲೌಸ್ ಇಲ್ಲದೆ ಯಾರನ್ನೂ ತೋಟಕ್ಕೆ ಇಳಿಸಬಾರದೆಂದು ಮನೆಯಲ್ಲಿ ತೀರ್ಮಾನಿಸಿದ್ದೇವೆ.

ಚಿಕ್ಕಬಳ್ಳಾಪುರದ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಒಮ್ಮೆ ಬಳಸಿ ಎಸೆಯುವ ನೀಲಿ ನೈಟ್ರೈಲ್ ಗ್ಲೌಸಿನ ನೂರರ ಪೆಟ್ಟಿಗೆಗಳನ್ನು ತೋರಿಸಿ, ಹತ್ತು ಪೆಟ್ಟಿಗೆಯ ಕಾರ್ಟನ್ ತೆಗೆದುಕೊಂಡರೆ ದರದಲ್ಲಿ ರಿಯಾಯಿತಿ ಕೊಡುವುದಾಗಿಯೂ, ತೋಟ, ಕೊಟ್ಟಿಗೆ, ಗ್ಯಾರೇಜ್ ಎಲ್ಲಕ್ಕೂ ಅದೇ ಆಗುವುದಾಗಿಯೂ ಹೇಳಿದರು. ಅಲ್ಲಿಯೇ ಕಪ್ಪು ಬಣ್ಣದ್ದು ಹೆಚ್ಚು ಬೆಲೆಗೆ ಇತ್ತು. ಅದು ಹೆಚ್ಚು ಗಟ್ಟಿ ಎಂದರು. ಒಂದರ ಮೇಲೆ 4 ಮಿಲ್, ಇನ್ನೊಂದರ ಮೇಲೆ 6 ಮಿಲ್ ಎಂದು ಬರೆದಿತ್ತು. ಬಣ್ಣಕ್ಕೂ ಗಟ್ಟಿತನಕ್ಕೂ ಸಂಬಂಧವಿದೆಯೇ, ಈ ಮಿಲ್ ಎಂದರೇನು, ಒಂದೇ ಕಾರ್ಟನ್ನಿನಲ್ಲಿ ಎಲ್ಲ ಕೆಲಸ ನಡೆಯುತ್ತದೆಯೇ, ತೊಳೆದು ಮತ್ತೆ ಬಳಸಬಹುದೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರಿಕೆ.

ತುಮಕೂರು_ರಸಾಯನ:

ನಾನು ತುಮಕೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನು. ಪ್ರಯೋಗಾಲಯಕ್ಕೆ ಗ್ಲೌಸ್ ತರಿಸುವ ಹೊಣೆ ನನ್ನದೇ ಆಗಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಒಂದೇ ಕಾರ್ಟನ್ನಿನಲ್ಲಿ ನಿಮ್ಮ ಎಲ್ಲ ಕೆಲಸ ನಡೆಯುವುದಿಲ್ಲ.

ನೈಟ್ರೈಲ್ ಎಂಬುದು ಅಕ್ರಿಲೋನೈಟ್ರೈಲ್ ಮತ್ತು ಬ್ಯುಟಾಡೀನ್ ಎಂಬ ಎರಡು ರಾಸಾಯನಿಕಗಳನ್ನು ಬೆಸೆದು ಮಾಡಿದ ಕೃತಕ ರಬ್ಬರು. ಮರದ ಹಾಲಿನಿಂದ ಬರುವ ಲೇಟೆಕ್ಸ್ ಎಣ್ಣೆ ತಾಗಿದರೆ ಊದಿಕೊಳ್ಳುತ್ತದೆ; ನೈಟ್ರೈಲ್ ಎಣ್ಣೆ, ಗ್ರೀಸ್, ಡೀಸೆಲ್‌ಗಳನ್ನು ಚೆನ್ನಾಗಿ ತಡೆಯುತ್ತದೆ. ಅದಕ್ಕೆ ಕಾರಣ ಅದರ ಅಣುವಿನಲ್ಲಿರುವ ಧ್ರುವೀಯ ಗುಂಪುಗಳು, ಅಂದರೆ ವಿದ್ಯುದಾವೇಶ ಅಸಮವಾಗಿ ಹಂಚಿಕೊಂಡಿರುವ ಭಾಗಗಳು. ಆದರೆ ಅದೇ ಕಾರಣದಿಂದ ಅಸಿಟೋನ್, ಈಥೈಲ್ ಅಸಿಟೇಟ್‌ನಂಥ ಧ್ರುವೀಯ ದ್ರಾವಕಗಳ ಎದುರು ಅದು ಬಲು ಬೇಗ ಸೋಲುತ್ತದೆ. ಆದ್ದರಿಂದ ನೈಟ್ರೈಲ್ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದಕ್ಕಿಂತ, ಕೈಗೆ ತಾಗುವ ವಸ್ತು ಯಾವುದು, ಅದು ಹನಿಯಾಗಿ ಸಿಡಿಯುತ್ತದೆಯೋ ಅಥವಾ ಕೈ ಅದರಲ್ಲಿ ಮುಳುಗಿರುತ್ತದೆಯೋ ಎಂದು ಕೇಳಿಕೊಳ್ಳಬೇಕು.

ಗ್ಲೌಸ್ ಮೂರು ವಿಧದಲ್ಲಿ ಕೈಕೊಡುತ್ತದೆ. ಸೂಜಿಮೊನೆಯಷ್ಟು ತೂತು ಅಥವಾ ಹರಕಿನ ಮೂಲಕ ದ್ರವ ಒಳಬರುವುದು ಮೊದಲನೆಯದು. ರಬ್ಬರು ಊದಿ, ಮೆತ್ತಗಾಗಿ ಅಥವಾ ಬಿರುಸಾಗಿ ಕೆಡುವುದು ಎರಡನೆಯದು. ಇವೆರಡೂ ಕಣ್ಣಿಗೆ ಕಾಣುತ್ತವೆ ಅಥವಾ ಒದ್ದೆಯಾದಾಗ ಗೊತ್ತಾಗುತ್ತವೆ. ಮೂರನೆಯದೇ ಅಪಾಯಕಾರಿ: ಎಲ್ಲಿಯೂ ತೂತಿಲ್ಲದೆ, ಗ್ಲೌಸ್ ನೋಡಲು ಹೊಸದರಂತೆಯೇ ಇದ್ದು, ರಾಸಾಯನಿಕವು ಅಣು ಅಣುವಾಗಿ ರಬ್ಬರಿನ ಒಳಗಿನಿಂದಲೇ ಹಾದು ಚರ್ಮ ಸೇರುವುದು. 1996ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರಜ್ಞೆ ಕ್ಯಾರೆನ್ ವೆಟರ್‌ಹಾನ್ ಅವರ ಲೇಟೆಕ್ಸ್ ಗ್ಲೌಸಿನ ಮೇಲೆ ಡೈಮೀಥೈಲ್ ಪಾದರಸದ ಕೆಲವೇ ಹನಿಗಳು ಬಿದ್ದವು. ಮರುವರ್ಷ ಜೂನ್‌ನಲ್ಲಿ ಅವರು ಪಾದರಸದ ವಿಷದಿಂದ ತೀರಿಕೊಂಡರು. ಆ ವಸ್ತು ಅಂಥ ಗ್ಲೌಸನ್ನು ಹದಿನೈದು ಸೆಕೆಂಡಿನೊಳಗೆ ದಾಟುತ್ತದೆ ಎಂಬುದು ಆಮೇಲಿನ ಪರೀಕ್ಷೆಯಲ್ಲಿ ಕಂಡುಬಂತು. ನಿಮ್ಮ ತೋಟದಲ್ಲಿ ಅಂಥ ವಸ್ತುವಿಲ್ಲ, ನಿಜ. ಆದರೆ ತೂತಿಲ್ಲದ ಗ್ಲೌಸ್ ಎಂದ ಮಾತ್ರಕ್ಕೆ ಕೈ ಸುರಕ್ಷಿತವೆಂದು ಭಾವಿಸುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನ್ನಲ್ಲಿಲ್ಲ.

ಇನ್ನು ಮಿಲ್ ವಿಚಾರ. ಒಂದು ಮಿಲ್ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ. 4 ಮಿಲ್ ಎಂದರೆ ಸುಮಾರು 0.10 ಮಿಲಿಮೀಟರ್, 6 ಮಿಲ್ ಎಂದರೆ 0.15, 8 ಮಿಲ್ ಎಂದರೆ 0.20. ಗ್ಲೌಸಿನ ದಪ್ಪ ಎಲ್ಲೆಡೆ ಒಂದೇ ಇರುವುದಿಲ್ಲ. ಬೆರಳ ತುದಿ ದಪ್ಪ, ಅಂಗೈ ಅದಕ್ಕಿಂತ ತೆಳು, ಮಣಿಕಟ್ಟು ಇನ್ನೂ ತೆಳು. ಮಾರುವವರು ಬೆರಳ ತುದಿಯ ಅಳತೆಯನ್ನೇ ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸುವುದುಂಟು. ಹಾಗಾಗಿ ನಾನು ಪೆಟ್ಟಿಗೆ ಬಂದ ಕೂಡಲೇ ತಕ್ಕಡಿಯಲ್ಲಿ ಹತ್ತು ಗ್ಲೌಸ್ ಇಟ್ಟು ತೂಗುತ್ತೇನೆ. ಮಧ್ಯಮ ಅಳತೆಯ ತೆಳು ಗ್ಲೌಸ್ ಒಂದಕ್ಕೆ ಮೂರೂವರೆ ಗ್ರಾಂ ಆಸುಪಾಸು, ದಪ್ಪನೆಯದು ಐದು ಗ್ರಾಂ ಅಥವಾ ಅದಕ್ಕೂ ಹೆಚ್ಚು ಬರುತ್ತದೆ. ಎರಡು ಕಂಪನಿಗಳ ಮಾಲನ್ನು ಹೋಲಿಸಲು ಪೆಟ್ಟಿಗೆಯ ಮೇಲಿನ ಬರಹಕ್ಕಿಂತ ಇದು ನಂಬಿಕೆಗೆ ಅರ್ಹ.

ಬಣ್ಣ ಕೇವಲ ಬಣ್ಣ. ಅದರಿಂದ ಬಲ ಬರುವುದಿಲ್ಲ. ಕಪ್ಪು ಮತ್ತು ಕಿತ್ತಳೆ ಬಣ್ಣದವನ್ನು ಗ್ಯಾರೇಜಿನವರಿಗೆಂದು ದಪ್ಪವಾಗಿ ತಯಾರಿಸುವುದು ವಾಡಿಕೆಯಾದ್ದರಿಂದ ಆ ನಂಬಿಕೆ ಹುಟ್ಟಿದೆ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಐಎಸ್‌ಒ 374-1 ಎಂಬ (ರಾಸಾಯನಿಕ ತಡೆಯುವ ಗ್ಲೌಸಿನ ಅಂತರರಾಷ್ಟ್ರೀಯ ಮಾನದಂಡದ) ಸಂಖ್ಯೆ ಮತ್ತು ರಸಾಯನದ ಸೀಸೆಯ ಚಿತ್ರವಿದೆಯೇ ನೋಡಿ. ಆ ಚಿತ್ರದ ಕೆಳಗೆ ಇಂಗ್ಲಿಷ್ ಅಕ್ಷರಗಳಿರುತ್ತವೆ. ಒಂದೊಂದು ಅಕ್ಷರವೂ ಪರೀಕ್ಷೆಗೊಳಪಡಿಸಿದ ಒಂದೊಂದು ರಾಸಾಯನಿಕ. ‘ಕೆ’ ಎಂದರೆ 40 ಶೇಕಡಾ ಕಾಸ್ಟಿಕ್ ಸೋಡಾ, ‘ಪಿ’ ಎಂದರೆ 30 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್, ‘ಟಿ’ ಎಂದರೆ 37 ಶೇಕಡಾ ಫಾರ್ಮಾಲ್ಡಿಹೈಡ್. ತೆಳು ನೈಟ್ರೈಲಿನ ಮೇಲೆ ಸಾಮಾನ್ಯವಾಗಿ ಕಾಣುವುದು ಇವೇ. ಅಸಿಟೋನಿನ ‘ಬಿ’, ಟಾಲ್ವೀನಿನ ‘ಎಫ್’ ಅಕ್ಷರಗಳನ್ನು ಅವುಗಳ ಮೇಲೆ ಹುಡುಕಿದರೂ ಸಿಗುವುದು ಅಪರೂಪ. ‘ಟೈಪ್ ಬಿ’ ಎಂದಿದ್ದರೆ ಕನಿಷ್ಠ ಮೂರು ರಾಸಾಯನಿಕಗಳನ್ನು ಮೂವತ್ತು ನಿಮಿಷ ತಡೆದಿದೆ ಎಂದೂ, ‘ಟೈಪ್ ಸಿ’ ಎಂದಿದ್ದರೆ ಒಂದನ್ನು ಹತ್ತು ನಿಮಿಷ ಮಾತ್ರ ತಡೆದಿದೆ ಎಂದೂ ಅರ್ಥ. ವೈದ್ಯಕೀಯ ಪರೀಕ್ಷೆಗೆಂದು ಮಾರುವ ಪೆಟ್ಟಿಗೆಯ ಮೇಲೆ ಈ ಚಿತ್ರವೇ ಇಲ್ಲದಿದ್ದರೆ, ರಾಸಾಯನಿಕದ ವಿಷಯದಲ್ಲಿ ತಯಾರಕರು ಯಾವ ಭರವಸೆಯನ್ನೂ ಕೊಟ್ಟಿಲ್ಲವೆಂದು ತಿಳಿಯಬೇಕು.

ಕೋಲಾರ_ಗ್ಯಾರೇಜ್:

ಮೇಷ್ಟ್ರು ಹೇಳಿದ ಮಾತಿಗೆ ಗ್ಯಾರೇಜಿನ ಕಡೆಯಿಂದ ಒಂದೆರಡು ಸೇರಿಸುತ್ತೇನೆ. ಎಂಜಿನ್ ಆಯಿಲ್ ಬದಲಾಯಿಸಲು, ಚೈನಿಗೆ ಗ್ರೀಸ್ ಹಚ್ಚಲು, ಬ್ಯಾಟರಿ ನೀರು ಹಾಕಲು 6 ಮಿಲ್‌ನ, ಬೆರಳುಗಳ ಮೇಲೆ ಉಬ್ಬು ಗೆರೆಗಳಿರುವ ಗ್ಲೌಸ್ ಸಾಕಾಗುತ್ತದೆ. ಎಣ್ಣೆ ಮೆತ್ತಿದ ಸ್ಪ್ಯಾನರ್ ಜಾರದಿರಲು ಆ ಉಬ್ಬುಗಳು ಬಹಳ ಉಪಯೋಗಕ್ಕೆ ಬರುತ್ತವೆ. 4 ಮಿಲ್‌ನದ್ದು ಬೋಲ್ಟಿನ ಅಂಚಿಗೆ ತಾಗಿದರೆ ಹರಿಯುತ್ತದೆ. ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಮತ್ತು ಪೇಂಟ್ ಥಿನ್ನರ್ ಮಾತ್ರ ಬೇರೆಯೇ ಸಂಗತಿ. ಸ್ಪ್ರೇ ಹೊಡೆದ ಸ್ವಲ್ಪ ಹೊತ್ತಿನಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ರಬ್ಬರು ನೆನೆದ ಕಾಗದದಂತೆ ಸುಕ್ಕುಗಟ್ಟಿ, ಸಡಿಲವಾಗಿ, ಎಳೆದರೆ ಕೈಗೇ ಬರುತ್ತದೆ. ಅಂಥ ಕೆಲಸವಿದ್ದಾಗ ಸ್ಪ್ರೇ ತಾಗಿದ ತಕ್ಷಣ ಬಿಚ್ಚಿ ಬೇರೆ ಹಾಕಿಕೊಳ್ಳಬೇಕೇ ಹೊರತು ಊಟದ ಹೊತ್ತಿನವರೆಗೂ ಅದನ್ನೇ ಎಳೆದಾಡಬಾರದು.

ನಿಮ್ಮ ತಮ್ಮನವರಿಗೆ ಇನ್ನೊಂದು ಮಾತನ್ನು ಖಂಡಿತವಾಗಿ ತಿಳಿಸಿ. ಎಂಜಿನ್ ಚಾಲೂ ಇದ್ದು ಹಿಂದಿನ ಚಕ್ರ ತಿರುಗುತ್ತಿರುವಾಗ ಚೈನ್ ಒರೆಸುವುದಕ್ಕಾಗಲಿ, ಡ್ರಿಲ್ ಅಥವಾ ಲೇತ್ ಮುಂದೆ ನಿಲ್ಲುವುದಕ್ಕಾಗಲಿ ಯಾವ ಗ್ಲೌಸನ್ನೂ ಹಾಕಬಾರದು. ಬಿಸಿ ಸೈಲೆನ್ಸರ್ ಹತ್ತಿರವೂ ಬೇಡ. ನೈಟ್ರೈಲ್ ಕರಗಿ ಚರ್ಮಕ್ಕೆ ಅಂಟಿಕೊಂಡರೆ ಬರಿಗೈಯಲ್ಲಿ ಸುಟ್ಟುಕೊಂಡದ್ದಕ್ಕಿಂತ ಹೆಚ್ಚು ಕಷ್ಟ.

ನಂದಿ_ದ್ರಾಕ್ಷಿ:

ನಾವೂ ನಂದಿ ಹೋಬಳಿಯಲ್ಲಿ ಚಪ್ಪರದ ದ್ರಾಕ್ಷಿ ಬೆಳೆಯುವವರು. ಕಣ್ಣುಗಳಿಗೆ ಹಚ್ಚುವ ಔಷಧಿ ಎಂದು ನೀವು ಬರೆದಿರುವುದು ಹೈಡ್ರೋಜನ್ ಸಯನಮೈಡ್ ಇರಬೇಕು. ಡಾರ್ಮೆಕ್ಸ್ ಎಂಬ ಹೆಸರಿನಲ್ಲಿ ನಮ್ಮ ಕಡೆ ಪರಿಚಿತ. ಅದು ಚರ್ಮವನ್ನು ಸುಡುವ ವಸ್ತು. ಸ್ಪಂಜು ಅಥವಾ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಒಂದೊಂದೇ ಕಣ್ಣಿಗೆ ಒತ್ತುವ ಕೆಲಸದಲ್ಲಿ ಬೆರಳು ಬೆಳಗಿನಿಂದ ಸಂಜೆಯವರೆಗೆ ಆ ದ್ರವದಲ್ಲೇ ಇರುತ್ತದೆ. ಇದಕ್ಕೆ ಪೆಟ್ಟಿಗೆಯಲ್ಲಿ ಬರುವ ತೆಳು ಗ್ಲೌಸ್ ಸಲ್ಲದು. ಒಣಕಡ್ಡಿಗೆ, ಚಪ್ಪರದ ತಂತಿಗೆ ತಾಗಿ ಅರ್ಧ ಸಾಲು ಮುಗಿಯುವುದರೊಳಗೆ ಅದು ಹರಿದಿರುತ್ತದೆ. ಹರಿದ ಗ್ಲೌಸಿನೊಳಗೆ ಹೊಕ್ಕ ಔಷಧಿ ಬೆವರಿನ ಜೊತೆ ಬೆರೆತು ಚರ್ಮಕ್ಕೆ ಒತ್ತಿಕೊಂಡೇ ಇರುವುದರಿಂದ ಬರಿಗೈಗಿಂತ ಹೆಚ್ಚು ಹಾನಿ ಮಾಡುತ್ತದೆ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಕೀಟನಾಶಕ ಲೇಬಲ್‌ಗಳು ರಾಸಾಯನಿಕ ನಿರೋಧಕ ನೈಟ್ರೈಲ್ ಗ್ಲೌಸ್ ಎಂದಾಗ ಕೇಳುವುದು 14 ಮಿಲ್ ಅಥವಾ ಅದಕ್ಕಿಂತ ಹೆಚ್ಚಿನ ದಪ್ಪವನ್ನು. ಅಂದರೆ ನಿಮ್ಮ ಅಂಗಡಿಯವರು ತೋರಿಸಿದ ನೀಲಿಯದರ ಮೂರು ಪಟ್ಟಿಗೂ ಹೆಚ್ಚು. ಹಸಿರು ಬಣ್ಣದ, ಮೊಣಕೈ ಹತ್ತಿರಕ್ಕೆ ಬರುವ, ತೊಳೆದು ಮತ್ತೆ ಮತ್ತೆ ಬಳಸುವ ದಪ್ಪ ನೈಟ್ರೈಲ್ ಗ್ಲೌಸ್ ಕೃಷಿ ಮತ್ತು ಕೈಗಾರಿಕಾ ಸಾಮಗ್ರಿಗಳ ಅಂಗಡಿಗಳಲ್ಲಿ ಸಿಗುತ್ತದೆ. ಜೋಡಿಯ ಬೆಲೆ ನೋಡಿ ಹಿಂಜರಿಯಬೇಡಿ. ದಿನಕ್ಕೆ ಹತ್ತಾರು ತೆಳು ಗ್ಲೌಸ್ ಹರಿದು ಎಸೆಯುವ ಖರ್ಚಿಗಿಂತ ಅದು ಕಡಿಮೆಗೇ ಬೀಳುತ್ತದೆ. ಬಿಚ್ಚುವ ಮೊದಲು ಗ್ಲೌಸ್ ಕೈಯಲ್ಲಿರುವಾಗಲೇ ಹೊರಮೈಯನ್ನು ಸೋಪಿನ ನೀರಿನಲ್ಲಿ ತೊಳೆದರೆ ಆಮೇಲೆ ಬರಿಗೈಗೆ ಏನೂ ತಾಗುವುದಿಲ್ಲ.

ಔಷಧಿ ಹೊಡೆಯುವಾಗಿನ ಒಂದು ಸೂಕ್ಷ್ಮವನ್ನು ಬಹಳ ಜನ ಗಮನಿಸುವುದಿಲ್ಲ. ಟೊಮ್ಯಾಟೊ, ಹೂಕೋಸಿಗೆ ಹೊಡೆಯುವಾಗ ಕೈ ಕೆಳಮುಖವಾಗಿರುತ್ತದೆ. ಆಗ ತುಂಬು ತೋಳಿನ ಅಂಗಿಯ ತುದಿ ಗ್ಲೌಸಿನ ಮೇಲೆ ಬರಬೇಕು, ಇಲ್ಲದಿದ್ದರೆ ತೋಳಿನ ಮೇಲೆ ಬಿದ್ದ ಹನಿ ಜಾರಿ ಗ್ಲೌಸಿನೊಳಗೆ ಸೇರುತ್ತದೆ. ನಮ್ಮ ಚಪ್ಪರದ ಕೆಳಗೆ ಕೈ ಮೇಲಕ್ಕೆತ್ತಿಯೇ ಕೆಲಸ ಮಾಡಬೇಕಾದ್ದರಿಂದ ಎಲ್ಲವೂ ತಿರುಗುಮುರುಗು: ತೋಳಿನ ತುದಿಯನ್ನು ಗ್ಲೌಸಿನೊಳಗೆ ಸೇರಿಸಿ, ಗ್ಲೌಸಿನ ಬಾಯನ್ನು ಹೊರಕ್ಕೆ ಮಡಚಿ ಸಣ್ಣ ಕಾಲುವೆಯಂತೆ ಮಾಡಿಕೊಂಡರೆ ಅಂಗೈಯಿಂದ ಇಳಿದುಬಂದ ದ್ರವ ಅಲ್ಲಿಯೇ ನಿಲ್ಲುತ್ತದೆ. ಮಣಿಕಟ್ಟಿಗೇ ಮುಗಿಯುವ ತೆಳು ಗ್ಲೌಸಿನಲ್ಲಿ ಹೀಗೆ ಮಡಚಲು ಜಾಗವೇ ಇರುವುದಿಲ್ಲ.

ಡಬ್ಬದಿಂದ ಔಷಧಿ ಅಳೆದು ನೀರಿಗೆ ಬೆರೆಸುವ ಹೊತ್ತೇ ಅತ್ಯಂತ ಅಪಾಯದ್ದು. ‘ಇ.ಸಿ.’ (ನೀರಿಗೆ ಹಾಕಿದರೆ ಹಾಲಿನಂತೆ ಬೆರೆಯುವ ಗಟ್ಟಿ ದ್ರವ) ಎಂದು ಬರೆದಿರುವ ಔಷಧಿಗಳಲ್ಲಿ ಕ್ಸೈಲೀನ್‌ನಂಥ ದ್ರಾವಕಗಳಿರುವುದುಂಟು. ಅವು ತೆಳು ನೈಟ್ರೈಲನ್ನು ಬೇಗ ಹಾಯುತ್ತವೆ. ಡಬ್ಬದ ಮೇಲೆ ವಿಷದ ಮಟ್ಟ ತೋರಿಸುವ ತ್ರಿಕೋನ ಕೆಂಪಾಗಿದ್ದರೂ ಹಳದಿಯಾಗಿದ್ದರೂ ದಪ್ಪ ಗ್ಲೌಸ್ ಇಲ್ಲದೆ ಮುಚ್ಚಳವನ್ನೇ ತೆರೆಯಬೇಡಿ. ಕೀಟನಾಶಕ ಬಳಸುವವರ ಗ್ಲೌಸ್‌ಗೆಂದೇ ಐಎಸ್‌ಒ 18889 ಎಂಬ ಮಾನದಂಡವಿದ್ದು, ಅದರಲ್ಲಿ ‘ಜಿ1’ ಎಂದರೆ ನೀರಿಗೆ ಬೆರೆಸಿದ ಔಷಧಿಗೆ ಮಾತ್ರ, ‘ಜಿ2’ ಎಂದರೆ ಬೆರೆಸದ ಗಟ್ಟಿ ಔಷಧಿಗೂ ಆಗುವಂಥದ್ದು. ಇನ್ನೊಂದು ಮಾತು, ಗ್ಲೌಸಿಗೆ ಸಂಬಂಧಿಸಿದ್ದಲ್ಲವಾದರೂ ಹೇಳಲೇಬೇಕು: ಸಯನಮೈಡ್ ಹಚ್ಚುವ ಹಿಂದಿನ ದಿನವೂ ಹಚ್ಚಿದ ದಿನವೂ ಆಮೇಲಿನ ಕೆಲವು ದಿನಗಳೂ ಮದ್ಯ ಮುಟ್ಟಬಾರದು. ಮುಖ ಕೆಂಪೇರಿ, ಎದೆ ಬಡಿತ ಹೆಚ್ಚಿ, ಆಸ್ಪತ್ರೆಗೆ ಸೇರಬೇಕಾಗಬಹುದು. ಕೂಲಿಗೆ ಬರುವ ಗಂಡಸರಿಗೆ ಇದನ್ನು ಬಿಡಿಸಿ ಹೇಳಿ.

ಶಿಡ್ಲಘಟ್ಟ_ರೈತ:

ಎಲ್ಲರಿಗೂ ಧನ್ಯವಾದಗಳು. ತೋಟಕ್ಕೆ ದಪ್ಪನೆಯದೇ ಬೇಕೆಂಬುದು ಮನದಟ್ಟಾಯಿತು. ಹುಳು ಮನೆ ಮತ್ತು ಹಸುಗಳ ವಿಷಯವನ್ನೂ ಯಾರಾದರೂ ತಿಳಿಸಿ. ನಮ್ಮ ಮಾವನವರ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಬೇಸಿನ್‌ಗಳಿವೆ; ಬಿಸಿನೀರಿನಲ್ಲಿ ಕೈಯಿಟ್ಟು ಬೆರಳುಗಳೆಲ್ಲ ಬೆಂದಂತಾಗಿರುತ್ತವೆ, ಅವರಿಗೂ ಈ ಗ್ಲೌಸ್ ಕೊಡಿಸಬಹುದೇ? ಹಾಗೆಯೇ, ಅಸಲಿ ನೈಟ್ರೈಲ್ ಹೌದೋ ಅಲ್ಲವೋ ಎಂಬುದನ್ನು ಬೆಂಕಿ ಹಚ್ಚಿ ನೋಡಿ ತಿಳಿಯಬಹುದೆಂದು ಒಬ್ಬರು ಹೇಳಿದರು, ಅದು ಸರಿಯೇ? ಕೊನೆಯದಾಗಿ, ನಮ್ಮ ಅತ್ತಿಗೆಯವರಿಗೆ ಹಿಂದೆ ಬಿಳಿ ರಬ್ಬರಿನ ಗ್ಲೌಸ್ ಹಾಕಿದಾಗ ಕೈಯೆಲ್ಲ ನವೆಯೆದ್ದಿತ್ತು.

ಚಿಂತಾಮಣಿ_ಪಶುವೈದ್ಯೆ:

ಹಾಲು ಕರೆಯಲು 4 ಮಿಲ್‌ನ ತೆಳು ಗ್ಲೌಸೇ ಸರಿ. ಮೊಲೆತೊಟ್ಟಿನ ಬಿಗಿ, ಗಂಟು, ಬಿಸಿ ಬೆರಳಿಗೆ ತಿಳಿಯಬೇಕು. ಕೆಚ್ಚಲು ಬಾವಿನ ರೋಗಾಣುಗಳು ಒಂದು ಹಸುವಿನಿಂದ ಇನ್ನೊಂದಕ್ಕೆ ದಾಟುವ ಮುಖ್ಯ ದಾರಿ ಕರೆಯುವವರ ಕೈ. ಒರಟು ಅಂಗೈಯ ಬಿರುಕುಗಳಲ್ಲಿ ಅವು ಉಳಿದುಕೊಳ್ಳುತ್ತವೆ, ನುಣುಪಾದ ನೈಟ್ರೈಲಿನ ಮೇಲಿಂದ ಸುಲಭವಾಗಿ ತೊಳೆದುಹೋಗುತ್ತವೆ. ಆದರೆ ತೊಳೆಯಬೇಕು, ಗ್ಲೌಸ್ ಹಾಕಿದ್ದೇನೆಂಬ ಧೈರ್ಯದಲ್ಲಿ ಒಂದೇ ಕೈಯಲ್ಲಿ ಎಲ್ಲ ಹಸುಗಳನ್ನೂ ಕರೆದರೆ ಲಾಭವೇನೂ ಇಲ್ಲ. ಬಾವು ಬಂದ ಹಸುವನ್ನು ಕೊನೆಗೆ ಕರೆದು, ಆ ಗ್ಲೌಸನ್ನು ಅಲ್ಲಿಯೇ ಬಿಚ್ಚಿ ಎಸೆಯಿರಿ.

ಗ್ಲೌಸ್ ನಿಜಕ್ಕೂ ಅನಿವಾರ್ಯವಾಗುವುದು ಕರು ಹಾಕುವ ಹೊತ್ತಿನಲ್ಲಿ. ಕಂದು ಹಾಕಿದ ಹಸುವಿನ ಮಾಸು ತೆಗೆಯಲು ನಮ್ಮ ರೈತರು ಈಗಲೂ ಬರಿಗೈ ಹಾಕುವುದನ್ನು ನೋಡುತ್ತೇನೆ. ಬ್ರೂಸೆಲ್ಲೋಸಿಸ್ (ಕಂದು ಹಾಕಿಸುವ ಸೋಂಕು ರೋಗ) ಇರುವ ಹಸುವಾದರೆ ಆ ಮಾಸು ಮತ್ತು ಸ್ರಾವದಲ್ಲಿ ರೋಗಾಣು ಅಪಾರವಾಗಿರುತ್ತದೆ. ಚರ್ಮದ ಸಣ್ಣ ಗಾಯದ ಮೂಲಕವೂ ಮನುಷ್ಯರಿಗೆ ಬಂದು, ಬಿಟ್ಟುಬಿಟ್ಟು ಬರುವ ಜ್ವರ ಮತ್ತು ಕೀಲುನೋವಾಗಿ ತಿಂಗಳುಗಟ್ಟಲೆ ಕಾಡುತ್ತದೆ. ಭುಜದವರೆಗೆ ಬರುವ ಪ್ಲಾಸ್ಟಿಕ್ ತೋಳುಗವಸು ಹಾಕಿ, ಅದರ ಮೇಲೆ ನೈಟ್ರೈಲ್ ಗ್ಲೌಸ್ ಹಾಕಿಕೊಂಡರೆ ಪ್ಲಾಸ್ಟಿಕ್ ಜಾರುವುದೂ ಇಲ್ಲ, ಬೆರಳ ಬಳಿ ಹರಿಯುವುದೂ ಕಡಿಮೆ. ಮಾಸು ನಿಂತಿದ್ದರೆ ಎಳೆಯುವ ಕೆಲಸಕ್ಕೆ ನೀವೇ ಹೋಗದೆ ವೈದ್ಯರನ್ನು ಕರೆಯುವುದೇ ಒಳ್ಳೆಯದು.

ತುಮಕೂರು_ರಸಾಯನ:

ಬೆಂಕಿಯ ಪರೀಕ್ಷೆ ದಯವಿಟ್ಟು ಬೇಡ. ನೈಟ್ರೈಲ್ ಉರಿದಾಗ ಹೈಡ್ರೋಜನ್ ಸಯನೈಡ್ ಹೊರಬರಬಹುದು, ವಿನೈಲ್ (ಪಿವಿಸಿ ಪ್ಲಾಸ್ಟಿಕ್) ಉರಿದರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ಬಳಸಿದ ಗ್ಲೌಸುಗಳನ್ನು ತಿಪ್ಪೆಯಲ್ಲಿ ಸುಡುವುದೂ ಇದೇ ಕಾರಣಕ್ಕೆ ತಪ್ಪು. ವಿನೈಲ್ ಬೆರೆಸಿದ ಮಾಲನ್ನು ಗುರುತಿಸಲು ಎಳೆದು ನೋಡಿದರೆ ಸಾಕು. ಒಳ್ಳೆಯ ನೈಟ್ರೈಲ್ ಬೆರಳು ತನ್ನ ಉದ್ದದ ಹಲವು ಪಟ್ಟು ಹಿಗ್ಗಿ, ಬಿಟ್ಟ ಕೂಡಲೇ ಹಿಂದಿರುಗುತ್ತದೆ. ವಿನೈಲ್ ಅಷ್ಟು ಹಿಗ್ಗುವುದಿಲ್ಲ, ಹಿಗ್ಗಿದ್ದೂ ಜೋಲಾಗಿ ಉಳಿಯುತ್ತದೆ. ಪೆಟ್ಟಿಗೆಯ ಮೇಲೆ ಸಣ್ಣಕ್ಷರದಲ್ಲಿ ‘ಬ್ಲೆಂಡ್’ ಎಂದಿದೆಯೇ ಎಂಬುದನ್ನೂ ಓದಿ. ತೂತಿನ ಅನುಮಾನವಿದ್ದರೆ ಒಂದು ಗ್ಲೌಸಿಗೆ ಒಂದು ಲೀಟರ್ ನೀರು ತುಂಬಿ, ಬಾಯಿ ಬಿಗಿದು, ಎರಡು ನಿಮಿಷ ತೂಗುಹಾಕಿ. ಕಾರ್ಖಾನೆಯ ತಪಾಸಣೆಯೂ ಮೂಲತಃ ಇದೇ.

ಹುಳು ಮನೆಯನ್ನು ಸೋಂಕು ಮುಕ್ತ ಮಾಡುವಾಗ ಬಳಸುವ 2 ಶೇಕಡಾ ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣದ ದ್ರಾವಣ, ಫಾರ್ಮಾಲಿನ್ ಇವೆರಡಕ್ಕೂ ನೈಟ್ರೈಲ್ ಚೆನ್ನಾಗಿ ನಿಲ್ಲುತ್ತದೆ. ಗೋಡೆ, ತಟ್ಟೆಗಳನ್ನು ಉಜ್ಜಿ ತೊಳೆಯುವ ಕೆಲಸವಾದ್ದರಿಂದ ಉದ್ದ ತೋಳಿನದು ಇರಲಿ. ಹಾಲುತೊಂಡೆ ರೋಗ ಬಂದ ಹುಳುಗಳನ್ನು ಆರಿಸಲು ತೆಳುವಾದದ್ದು ಸಾಕು. ಆದರೆ ನಿಮ್ಮ ಮನೆಯಲ್ಲಿ ನಾನು ಹೆಚ್ಚು ಹೆದರುವುದು ಬೇರೊಂದಕ್ಕೆ: ದ್ರಾಕ್ಷಿಗೆ ಕೀಟನಾಶಕ ಹೊಡೆದ ಗ್ಲೌಸನ್ನೇ ಯಾರಾದರೂ ಸೊಪ್ಪು ಕೊಯ್ಯಲು ಅಥವಾ ಹುಳುಗಳಿಗೆ ಸೊಪ್ಪು ಹಾಕಲು ಧರಿಸಿದರೆ, ಅದರ ಮೇಲಿನ ಅತ್ಯಲ್ಪ ಶೇಷವೂ ಇಡೀ ಬೆಳೆಯನ್ನು ಕೊಲ್ಲಬಲ್ಲದು. ಬಣ್ಣದಿಂದ ಬಲ ಬರುವುದಿಲ್ಲವೆಂದೆ. ಬೇರ್ಪಡಿಸಲು ಮಾತ್ರ ಬಣ್ಣದಷ್ಟು ಒಳ್ಳೆಯ ಉಪಾಯ ಇನ್ನೊಂದಿಲ್ಲ. ತೋಟಕ್ಕೆ ಹಸಿರು, ಗ್ಯಾರೇಜಿಗೆ ಕಪ್ಪು, ಕೊಟ್ಟಿಗೆಗೆ ನೀಲಿ, ಹುಳು ಮನೆಗೆ ಬಿಳಿ ಎಂದು ಗೊತ್ತುಮಾಡಿ, ತೆಳುವಾದವುಗಳ ಪೆಟ್ಟಿಗೆಯನ್ನು ಆಯಾ ಜಾಗದಲ್ಲೇ ಇಡಿ, ದಪ್ಪನೆಯವನ್ನು ಅಲ್ಲಿಯೇ ಮೊಳೆ ಹೊಡೆದು ನೇತುಹಾಕಿ. ಬಿಳಿ ಬಣ್ಣದಲ್ಲೂ ನೈಟ್ರೈಲ್ ಸಿಗುತ್ತದೆ. ಪೆಟ್ಟಿಗೆಯ ಮೇಲೆ ಲೇಟೆಕ್ಸ್ ಎಂದಿಲ್ಲವೆಂದು ಖಚಿತಪಡಿಸಿಕೊಳ್ಳಿ.

ನೂಲು ಬಿಚ್ಚುವವರಿಗೆ ಇದರಿಂದ ಪ್ರಯೋಜನವಿಲ್ಲ. ಹತ್ತನೇ ಒಂದು ಮಿಲಿಮೀಟರ್ ರಬ್ಬರು ಬಿಸಿಯನ್ನು ತಡೆಯುವುದಿಲ್ಲ. ದಪ್ಪನೆಯದು ಹಾಕಿದರೆ ಎಳೆ ಬೆರಳಿಗೆ ಸಿಗುವುದಿಲ್ಲ. ಅಲ್ಲಿ ಬದಲಾಗಬೇಕಾದದ್ದು ಬೇಸಿನ್: ಗೂಡು ಬೇಯಿಸುವ ಪಾತ್ರೆಯನ್ನು ಬೇರೆ ಇಟ್ಟು, ನೂಲು ತೆಗೆಯುವ ನೀರನ್ನು ಉಗುರುಬೆಚ್ಚಗಿಡುವ ಮಲ್ಟಿಎಂಡ್ (ಒಂದೇ ಬೇಸಿನ್ನಿನಿಂದ ಹಲವು ಎಳೆ ತೆಗೆಯುವ) ಪದ್ಧತಿಯ ಬಗ್ಗೆ ರೇಷ್ಮೆ ಇಲಾಖೆಯಲ್ಲಿ ವಿಚಾರಿಸಲಿ.

ಅತ್ತಿಗೆಯವರಿಗೆ ಗ್ಲೌಸ್ ಹಾಕಿದ ಕೆಲವೇ ನಿಮಿಷಗಳಲ್ಲಿ ನವೆ, ದದ್ದು ಬಂದಿದ್ದರೆ ಅದು ಲೇಟೆಕ್ಸಿನ ಪ್ರೋಟೀನಿಗೆ ಆದ ಅಲರ್ಜಿ ಇರಬಹುದು. ನೈಟ್ರೈಲಿನಲ್ಲಿ ಆ ಪ್ರೋಟೀನ್ ಇಲ್ಲ. ಒಂದೆರಡು ದಿನ ಕಳೆದು ಕೆಂಪಾಗಿ ಬಿರಿದಿದ್ದರೆ, ರಬ್ಬರನ್ನು ಹದಗೊಳಿಸಲು ಬೆರೆಸುವ ಆಕ್ಸಿಲರೇಟರ್ ರಾಸಾಯನಿಕಗಳು ಕಾರಣವಾಗಿರುವ ಸಾಧ್ಯತೆ ಹೆಚ್ಚು, ಮತ್ತು ಅವು ಹಲವು ನೈಟ್ರೈಲ್ ಗ್ಲೌಸುಗಳಲ್ಲೂ ಇರುತ್ತವೆ. ‘ಆಕ್ಸಿಲರೇಟರ್ ರಹಿತ’ ಎಂದು ಬರೆದಿರುವುದನ್ನು ತಂದುಕೊಡಿ. ಒಮ್ಮೆ ಚರ್ಮದ ವೈದ್ಯರಿಗೆ ತೋರಿಸಿ. ತೆಳು ಗ್ಲೌಸನ್ನು ತೊಳೆದು ಮರುಬಳಕೆ ಮಾಡಬಹುದೇ ಎಂದು ನೀವು ಮೊದಲು ಕೇಳಿದ್ದಕ್ಕೆ ಯಾರೂ ಉತ್ತರಿಸಿಲ್ಲ: ಮಾಡಬಾರದು. ಬಿಚ್ಚುವಾಗಲೇ ಅದು ಹಿಗ್ಗಿ ತೆಳುವಾಗಿರುತ್ತದೆ, ಒಳಹೊಕ್ಕ ರಾಸಾಯನಿಕ ತೊಳೆದರೂ ಹೋಗದೆ, ಮೊಳೆಯಲ್ಲಿ ತೂಗುತ್ತಿರುವಾಗಲೂ ಒಳಮೈಯತ್ತ ಸಾಗುತ್ತಲೇ ಇರುತ್ತದೆ.

ನಂದಿ_ದ್ರಾಕ್ಷಿ:

ಆರ್ಡರ್ ಕೊಡುವ ಮುನ್ನ ಅಳತೆಯನ್ನೂ ನೋಡಿಕೊಳ್ಳಿ. ಹೆಬ್ಬೆರಳು ಬಿಟ್ಟು ಅಂಗೈಯ ಸುತ್ತಳತೆ 178 ಮಿಲಿಮೀಟರ್ ಇದ್ದರೆ 7ನೇ ಸೈಜ್, 203 ಇದ್ದರೆ 8, 229 ಇದ್ದರೆ 9. ಅಂಗಡಿಗಳಲ್ಲಿ ಕೃಷಿ ಕೆಲಸಕ್ಕೆಂದರೆ 9 ಅಥವಾ 10ನ್ನೇ ಕೊಡುತ್ತಾರೆ, ಆದರೆ ಕಣ್ಣಿಗೆ ಔಷಧಿ ಹಚ್ಚಲು ಬರುವವರು ಬಹುಪಾಲು ಹೆಣ್ಣುಮಕ್ಕಳು. ಬೆರಳ ತುದಿಯಲ್ಲಿ ಅರ್ಧ ಇಂಚು ರಬ್ಬರು ಜೋಲಾಡುತ್ತಿದ್ದರೆ ಸ್ಪಂಜು ಹಿಡಿಯಲಾಗದೆ, ಮೇಸ್ತ್ರಿ ಅತ್ತ ತಿರುಗುತ್ತಿದ್ದಂತೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ನಮ್ಮಲ್ಲಿ 7 ಮತ್ತು 8ನ್ನು ಹೇಳಿ ತರಿಸಿದ ಮೇಲೆಯೇ ಅವರು ಸಂಜೆಯವರೆಗೆ ಹಾಕಿಕೊಳ್ಳತೊಡಗಿದ್ದು.